ದೊರೆಯ ಸ್ನಾನದ ಡೇರೆಯಲ್ಲಿ ಹೆರಿಗೆ

ಮಧುಗಿರಿ ಆಸ್ಪತ್ರೆಗೆ ಹೊಸದಾಗಿ ಬಂದ ನರ್ಸ್ ಹುಡುಗಿಯರು ನನ್ನನ್ನು ನೋಡಲು ಮನೆಗೆ ಬಂದರೆ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಕೇಳುತ್ತಾರೆ: "ನಿಮಗೆ ಬಡ್ತಿ ಯಾವಾಗ ಸಿಕ್ತು ಅಮ್ಮಾ?" ಸಿಕ್ಕಿತು, ಬಿಡಿ. ಅದರಿಂದ ಒಂದು ಹೆರಿಗೆಯೂ ಸುಲಭವಾಗಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವ ಬುದ್ಧಿ ನಿಮಗೆ ಬೇಡ. ಬಾಣಂತಿಯ ಮೈ ಮುಟ್ಟುವ ಮುಂಚೆ ಅವಳ ಅತ್ತೆಯ ಮನಸ್ಸನ್ನು ಮುಟ್ಟಬೇಕು, ಅದನ್ನು ಯಾವ ಟ್ರೇನಿಂಗಿನಲ್ಲೂ ಹೇಳಿಕೊಡುವುದಿಲ್ಲ. ನಾನು ಕಲಿತದ್ದು ರೆಸಿಡೆಂಟ್ ದೊರೆಯ ಸಂಸಾರದ ಜೊತೆ ಒಂದು ಚಳಿಗಾಲ ಊರೂರು ಸುತ್ತಿದಾಗ. ಅದನ್ನೇ ಬರೆಯುತ್ತೇನೆ.

ರೆಸಿಡೆಂಟ್ ಎಂದರೆ ಬ್ರಿಟಿಷ್ ಚಕ್ರವರ್ತಿಯ ಪರವಾಗಿ ಬೆಂಗಳೂರಿನಲ್ಲಿ ಕೂತಿರುತ್ತಿದ್ದ ದೊರೆ. ಸಂಸ್ಥಾನವನ್ನು ಮಹಾರಾಜರು ಆಳುತ್ತಿದ್ದರು, ಅವರು ಆಳುವುದನ್ನು ಇವರು ನೋಡುತ್ತಿದ್ದರು. ಅವರ ಹೆಸರು ನನಗೆ ಆಗಲೂ ನಾಲಿಗೆಗೆ ಹತ್ತುತ್ತಿರಲಿಲ್ಲ. ನಮಗೆ ಅವರು ದೊರೆ, ಅವರ ಹೆಂಡತಿ ದೊರೆಸಾನಿ, ಮಗ ರಾಬಿನ್ ಬಾಬಾ.

ದೊರೆ ಮಧುಗಿರಿಗೆ ಬರುತ್ತಾರೆ ಎಂದು ತಿಳಿದ ಕೂಡಲೇ ನಮ್ಮ ಡಾಕ್ಟರಿಗೆ ಜ್ವರ ಬಂದಂತಾಯಿತು. ಒಳ್ಳೆಯ ಮನುಷ್ಯ, ಕೈಗುಣವಿತ್ತು, ಮೇಲಿನವರನ್ನು ಕಂಡರೆ ಮಾತ್ರ ಬುದ್ಧಿ ಬಿಟ್ಟುಹೋಗುತ್ತಿತ್ತು. ಆಸ್ಪತ್ರೆಯ ಕಬ್ಬಿಣದ ಮಂಚಗಳಿಗೆಲ್ಲ ಬಿಳಿ ಬಣ್ಣ ಹೊಡೆಸಿದರು. ಬಣ್ಣ ಆರುವ ಮುಂಚೆಯೇ ದೊರೆ ಬರುವ ಸುದ್ದಿ ಬಂತು, ರೋಗಿಗಳನ್ನು ಓಡಿಸಿ ತಂದು ಮಲಗಿಸಿದರು. ದೊರೆ ಒಳಗೆ ಬಂದಾಗ ಗೌರವಕ್ಕೆ ಎದ್ದು ನಿಲ್ಲಲು ಹೋದ ಮುದುಕನೊಬ್ಬನ ಪಂಚೆ ಮಂಚಕ್ಕೇ ಅಂಟಿಕೊಂಡು ಉಳಿಯಿತು. ದೊರೆ ಗೋಡೆ ನೋಡುತ್ತಾ ನಿಂತರು. ದೊರೆಸಾನಿ ಮಾತ್ರ ಕರವಸ್ತ್ರ ಬಾಯಿಗೊತ್ತಿಕೊಂಡು ನಗುತ್ತಿದ್ದುದನ್ನು ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ನಮ್ಮ ಪರಿಚಯ ಆದದ್ದು ಹಾಗೆ.

ರಾಬಿನ್‌ಗೆ ಆಗ ಆರು ವರ್ಷ ತುಂಬಿತ್ತು. ಟೈಫಾಯ್ಡಿನಿಂದ ಎದ್ದು ಇನ್ನೂ ಕಾಲಿಗೆ ಬಲ ಬಂದಿರಲಿಲ್ಲ, ಅವನ ಜೊತೆಗಿದ್ದ ಇಂಗ್ಲಿಷ್ ನರ್ಸ್ ಮದುವೆಯಾಗಿ ಹೋಗಿಬಿಟ್ಟಿದ್ದಳು. ದೊರೆಸಾನಿ ನನ್ನನ್ನು ಕೇಳಿದರು, ಡಾಕ್ಟರು ನನ್ನನ್ನು ಕೇಳದೆಯೇ ಕೊಟ್ಟುಬಿಟ್ಟರು. ಮಧುಗಿರಿಯ ಶೈವರ ಮನೆಯ ವಿಧವೆ ಬಿಳಿಯರ ಡೇರೆಯಲ್ಲಿ ಇರುವುದೇ ಎಂದು ನಮ್ಮ ಕೇರಿಯಲ್ಲಿ ಗುಸುಗುಸು ಎದ್ದಿತು. ನಾನು ನರ್ಸ್ ಕೆಲಸಕ್ಕೆ ಹೊರಟಾಗಲೂ ಅದೇ ಬಾಯಿಗಳು ಅದನ್ನೇ ಆಡಿದ್ದವು, ಹೊಸದೇನೂ ಇರಲಿಲ್ಲ.

ಅವರ ಸಂಸಾರ ಪೂರ್ತಿ ಎತ್ತಿನ ಗಾಡಿಯ ಮೇಲಿತ್ತು. ಎರಡು ಜೊತೆ ಡೇರೆಗಳು. ಒಂದು ಜೊತೆಯಲ್ಲಿ ಇವರು ಮಲಗಿ ಏಳುವ ಹೊತ್ತಿಗೆ ಇನ್ನೊಂದು ಜೊತೆ ಮುಂದಿನ ಊರಿನಲ್ಲಿ ನಿಂತಿರುತ್ತಿತ್ತು. ಊಟದ ಡೇರೆ, ಮಲಗುವ ಡೇರೆ, ಕಚೇರಿ ಡೇರೆ, ತಗಡಿನ ತೊಟ್ಟಿ ಇಟ್ಟ ಸ್ನಾನದ ಡೇರೆ. ಸುತ್ತ ಜಾಲಿಮುಳ್ಳಿನ ಬಯಲು, ನಡುವೆ ದೊರೆ ಕರಿ ಕೋಟು ತೊಟ್ಟು, ದೊರೆಸಾನಿ ರೇಷ್ಮೆ ಉಟ್ಟು, ಇಬ್ಬರೇ ಎದುರುಬದುರು ಕೂತು ಊಟ ಮಾಡುತ್ತಿದ್ದರು. ಮಗನನ್ನು ತಂದೆ ನೋಡುತ್ತಿದ್ದುದು ಸಂಜೆ ಅರ್ಧ ಗಂಟೆ. ನಾನು ಅವನ ಮುಖ ತೊಳೆದು ತಲೆ ಬಾಚಿ ಕರೆದೊಯ್ಯಬೇಕು. ಅವನು "ಗುಡ್ ನೈಟ್, ಸರ್" ಎಂದು ಕೈ ಕುಲುಕಬೇಕು. ಹೆತ್ತ ಅಪ್ಪನಿಗೆ ಸರ್!

ಹುಡುಗ ಕನ್ನಡ ಕಲಿತದ್ದು ಕುದುರೆ ಲಾಯದಲ್ಲಿ. ಶಿರಾದಲ್ಲಿ ಜರಿ ಪೇಟ ಸುತ್ತಿದ ತಾಲ್ಲೂಕಿನ ಅಮಲ್ದಾರರು ಬಾಗಿ ಅವನಿಗೆ ಹಾರ ಹಾಕಿದಾಗ ಅವನು ಅವರ ಭುಜ ತಟ್ಟಿ, "ಏನ್ಲಾ, ಉಣ್ಣಕ್ಕಿಕ್ಕಿದ್ರಾ ನಿಂಗೆ?" ಎಂದ. ಅಮಲ್ದಾರರು "ಆಯ್ತು ಸ್ವಾಮಿ, ಆಯ್ತು" ಎಂದರು. ಜನ ನಗಲಾರದೆ ಸತ್ತರು. ದೊರೆಗೆ ಅರ್ಥವಾಗಲಿಲ್ಲ, ಕೇಳಿ ತಿಳಿದುಕೊಂಡರು. ಆಮೇಲೆ ಹೆಂಡತಿಗೆ ಹೇಳಿದ ಮಾತು ನನ್ನ ಎದುರಿಗೇ ಬಂತು: "ನೋಡಿದೆಯಲ್ಲ. ವಸಂತಕ್ಕೆ ಹಡಗು ಹತ್ತಲೇಬೇಕು."

ಇದು ಅವರ ಪದ್ಧತಿ. ಮಕ್ಕಳಿಗೆ ಆರೋ ಏಳೋ ಆದರೆ ಇಂಗ್ಲೆಂಡಿಗೆ ಕಳಿಸಿಬಿಡಬೇಕು. ಅಲ್ಲಿ ಶಾಲೆಯಲ್ಲೇ ವಾಸ, ರಜೆಗೆ ಯಾರೋ ನೆಂಟರ ಮನೆ. ಅಪ್ಪ ಅಮ್ಮನ ಮುಖ ಮತ್ತೆ ನೋಡುವುದು ವರ್ಷಗಟ್ಟಲೆ ಕಳೆದ ಮೇಲೆ. ರಾಬಿನ್‌ನ ಅಕ್ಕ ಆಗಲೇ ಹೋಗಿದ್ದಳು. ಅವಳ ಪಟ ದೊರೆಸಾನಿಯ ಮೇಜಿನ ಮೇಲೆ ಇರುತ್ತಿತ್ತು, ಡೇರೆ ಬದಲಾದಾಗಲೆಲ್ಲ ಅದನ್ನು ಅವರೇ ಮಡಿಲಲ್ಲಿಟ್ಟುಕೊಂಡು ಬರುತ್ತಿದ್ದರು.

ಶಿರಾದಲ್ಲಿ ದೊರೆಸಾನಿ ಆ ಮಗಳಿಗೆ ಹುಟ್ಟುಹಬ್ಬದ ಅಂಗಿ ಹೊಲಿಸಬೇಕೆಂದು ದರ್ಜಿಯನ್ನು ಕರೆಸಿದರು. ವಯಸ್ಸಾದ ಮುಸಲ್ಮಾನ ಸಾಹೇಬರು, ಕಿವಿಯ ಮೇಲೆ ಸೀಮೆಸುಣ್ಣ ಸಿಕ್ಕಿಸಿಕೊಂಡು ಬಂದರು. "ನಾಪು ಕೊಡ್ರಮ್ಮ" ಎಂದು ಅಳತೆ ಕೇಳಿದರು. ದೊರೆಸಾನಿ ಕೈಯನ್ನು ಸೊಂಟದ ಹತ್ತಿರ ಹಿಡಿದರು. ಆಮೇಲೆ ಸ್ವಲ್ಪ ಮೇಲಕ್ಕೆತ್ತಿದರು, ಎದೆಯವರೆಗೆ. ಮತ್ತೆ ಇಳಿಸಿದರು. ಸಾಹೇಬರು ಟೇಪು ಹಿಡಿದು ಕಾದೇ ಕಾದರು. "ಬೇಟಿ ಎಷ್ಟ್ ಎತ್ರ ಅಂತ ಅಮ್ಮಂಗೇ ಗೊತ್ತಿಲ್ವಾ?" ಎಂದು ನನ್ನನ್ನು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ದೊರೆಸಾನಿಗೆ ಅಷ್ಟು ಕನ್ನಡ ಬರುತ್ತಿತ್ತು. ಅವರು ಎದ್ದು ಡೇರೆಯ ಹಿಂದಕ್ಕೆ ಹೋದರು. ನಾನು ಆ ಮಗಳ ವಯಸ್ಸಿನ ಶಿರಾದ ಒಂದು ಹುಡುಗಿಯನ್ನು ಕರೆತಂದು ನಿಲ್ಲಿಸಿ ಅಳತೆ ಕೊಡಿಸಿದೆ.

ಮುಂದಿನ ಕ್ಯಾಂಪು ಪಾವಗಡದ ದಾರಿಯಲ್ಲಿ, ದೊಡ್ಡೇರಿ ಕಡೆಯ ಒಂದು ಗೊಲ್ಲರ ಹಟ್ಟಿಯ ಪಕ್ಕ. ಕುರಿ ದನ ಸಾಕುವ ಗೊಲ್ಲರು ತಮ್ಮ ಹಟ್ಟಿಯ ಸುತ್ತ ಮುಳ್ಳಿನ ಬೇಲಿ ಕಟ್ಟುತ್ತಾರೆ. ಒಳಗೆ ಅವರ ದೇವರಿದೆ, ಆದ್ದರಿಂದ ಚಪ್ಪಲಿ ಹಾಕಿ ಒಳಗೆ ಹೋಗುವಂತಿಲ್ಲ, ಹೆರಿಗೆಯೂ ಒಳಗಾಗುವಂತಿಲ್ಲ. ಹೆರುವವಳು ಬೇಲಿಯಾಚೆ ಸೊಪ್ಪಿನ ಗುಡ್ಲಿಗೆ ಹೋಗಿ, ಮಗು ಹೆತ್ತು, ಸೂತಕದ ದಿನ ಮುಗಿಯುವವರೆಗೆ ಅಲ್ಲೇ ಇರಬೇಕು. ಅವಳನ್ನೋ ಕೂಸನ್ನೋ ಮುಟ್ಟಿದವರೂ ಅಷ್ಟು ದಿನ ಒಳಗೆ ಬರುವಂತಿಲ್ಲ. ಮಳೆ, ಚಳಿ, ಹಾವು ಎಲ್ಲಕ್ಕೂ ಆ ಸೊಪ್ಪೇ ಗೋಡೆ. ಆ ಗುಡ್ಲುಗಳಿಂದ ಆಸ್ಪತ್ರೆಗೆ ಬಂದು ನನ್ನ ಕೈಯಲ್ಲೇ ತಣ್ಣಗಾದ ಕೂಸುಗಳಿದ್ದವು, ಅದಕ್ಕೇ ಆ ಗುಡ್ಲುಗಳನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಡೇರೆ ಮೇಸ್ತ್ರಿ ಮುನುಸಾಮಿ ಬೆಂಗಳೂರಿನ ದಂಡು, ಅಂದರೆ ಕಂಟೋನ್ಮೆಂಟಿನವನು. ಅವನಿಗೆ ಇದೆಲ್ಲ ಏನು ಗೊತ್ತು? ಬೇಲಿಯಾಚೆ ಗುಡಿಸಿದ ಒಳ್ಳೆಯ ಜಾಗ, ಹುಣಸೇಮರದ ನೆರಳು, ಒಂದು ಖಾಲಿ ಸೊಪ್ಪಿನ ಗುಡ್ಲು. ಯಾರೋ ಕಾವಲಿನವರು ಬಿಟ್ಟುಹೋದದ್ದೆಂದು ಕಿತ್ತು ಒಲೆಗೆ ಹಾಕಿ, ಆ ಜಾಗದಲ್ಲೇ ದೊರೆಯ ಸ್ನಾನದ ಡೇರೆ ನಿಲ್ಲಿಸಿದ. ಗಂಡಸರೆಲ್ಲ ಕುರಿ ಹಿಂದೆ ಹೋಗಿದ್ದರು, ಬೇಡ ಎನ್ನಲು ಯಾರೂ ಇರಲಿಲ್ಲ.

ನಾವು ತಲುಪಿದ್ದು ಮಧ್ಯಾಹ್ನದ ಹೊತ್ತಿಗೆ. ಬೇಲಿ ಬಾಗಿಲಲ್ಲಿ ಒಬ್ಬ ಮುದುಕಿ ನಿಂತಿದ್ದಳು, ಅವಳ ಹಿಂದೆ ಹೊಟ್ಟೆ ಹಿಡಿದುಕೊಂಡು ಬಾಗಿದ ಹುಡುಗಿ. ಮುದುಕಿ ಕ್ಯಾತಜ್ಜಿ, ಹುಡುಗಿ ಅವಳ ಸೊಸೆ ಈರಮ್ಮ, ಚೊಚ್ಚಲು. ಅಜ್ಜಿ ದೊರೆಯನ್ನೂ ನೋಡಲಿಲ್ಲ, ಅವರ ಜೊತೆ ಬಂದಿದ್ದ ಅಮಲ್ದಾರರನ್ನೂ ನೋಡಲಿಲ್ಲ. ನೇರ ಡೇರೆಯ ಕಡೆಗೆ ಕೈ ಚಾಚಿದಳು.

"ಯಾವ್ ನನ್ಮಗ ನಮ್ ಗುಡ್ಲು ಕಿತ್ತಾಕಿದೋನು? ನನ್ ಸೊಸೆ ಎಲ್ಲಿ ಹೆರ್ಬೇಕು ಈಗ, ನಿಮ್ ತಲೆ ಮ್ಯಾಲಾ?"

ದೊರೆಸಾನಿ ಗಾಡಿಯಿಂದಿಳಿದರು. ವಿಷಯ ತಿಳಿದು ಅವರ ಮುಖ ಕೆಂಪಾಯಿತು. ಬೂಟುಗಾಲಲ್ಲಿ ಬೇಲಿಯ ಹತ್ತಿರ ನಡೆದು, ಹೆರಿಗೆ ನೋವಿನ ಹೆಂಗಸನ್ನು ಮನೆಯಿಂದ ಆಚೆ ಹಾಕುವವರು ಮನುಷ್ಯರೇ ಎಂದರು. ಇವತ್ತಿನಿಂದ ಇದು ನಿಲ್ಲಬೇಕು, ಅವಳನ್ನು ಒಳಗೆ ಮಲಗಿಸಿ, ಇದು ದೊರೆಯ ಅಪ್ಪಣೆ ಎಂದರು. ದೊರೆ ಅಪ್ಪಣೆ ಕೊಟ್ಟಿರಲಿಲ್ಲ, ಗಡ್ಡ ಕೆರೆಯುತ್ತಾ ನಿಂತಿದ್ದರು.

ಕ್ಯಾತಜ್ಜಿ ಬೇಲಿ ಬಾಗಿಲಿಗೆ ಅಡ್ಡ ನಿಂತಳು. "ಬೂಟ್ ಬುಡು ಮೊದ್ಲು" ಎಂದಳು. ಆಮೇಲೆ ರಾಬಿನ್‌ನನ್ನು ನೋಡಿದಳು. ಹಟ್ಟಿಗಳಲ್ಲಿ ಸುದ್ದಿ ಕುರಿಗಿಂತ ಬೇಗ ನಡೆಯುತ್ತದೆ, ಶಿರಾದ ಸಂತೆಯಿಂದ ಅವಳಿಗೆ ಎಲ್ಲವೂ ತಿಳಿದಿತ್ತು. ಅವಳು ಆಡಿದ ಮಾತಿಗೆ ಅಮಲ್ದಾರರು ಕೂಡಲೇ ಇಂಗ್ಲಿಷಿನಲ್ಲಿ, "ಮುದುಕಿ ತಮ್ಮ ಮಗು ಆಯುಷ್ಯವಂತನಾಗಲಿ ಎನ್ನುತ್ತಿದ್ದಾಳೆ" ಎಂದರು.

ದೊರೆಸಾನಿ ದಡ್ಡರಲ್ಲ. ಹಾರೈಸುವವಳ ಮುಖ ಹಾಗಿರುವುದಿಲ್ಲ. ನನ್ನ ಕಡೆ ತಿರುಗಿ, "ನೀನು ಹೇಳು, ಅವಳು ಏನೆಂದಳು?" ಎಂದರು.

ಅಮಲ್ದಾರರು ನನ್ನನ್ನು ಕಣ್ಣಿನಿಂದಲೇ ಸುಟ್ಟರು. ನನಗೂ ಭಯವಾಯಿತು, ಇಲ್ಲವೆಂದು ಸುಳ್ಳು ಹೇಳುವುದಿಲ್ಲ. ಆದರೆ ರೋಗಿಯ ಮುಂದೆ ನಿಂತು ನೋವನ್ನು ತಿರುಚಿ ಹೇಳಿದರೆ ಮದ್ದು ಹೇಗೆ ಸಿಕ್ಕೀತು? ಇದ್ದದ್ದನ್ನು ಇದ್ದ ಹಾಗೇ ಇಂಗ್ಲಿಷಿಗೆ ಹಾಕಿದೆ. ಅಜ್ಜಿ ಅಂದದ್ದು ಇದು: "ನಾವು ತಾಯ್ನೂ ಮಗೀನೂ ಒಟ್ಟಿಗೆ ಆಚಿಗ್ ಕಳಿಸ್ತೀವಿ ಕಣವ್ವ. ಕೂಗಿದ್ರೆ ಕೇಳ್ತೈತೆ. ನೀವು ಮಗೀನ ಒಂದ್ನೇ ಸಮುದ್ರದಾಚಿಗ್ ಕಳಿಸ್ತೀರಂತೆ. ಅದು ಕೂಗಿದ್ರೆ ಯಾರಿಗ್ ಕೇಳ್ತೈತೆ?"

ದೊರೆಸಾನಿ ಕಪಾಳಕ್ಕೆ ಹೊಡೆಸಿಕೊಂಡವರಂತೆ ನಿಂತರು. ಅಷ್ಟರಲ್ಲಿ ಈರಮ್ಮ ನೆಲಕ್ಕೆ ಕುಸಿದಳು. ಒಳಗೆ ಹೋಗುವಂತಿಲ್ಲ, ಹೊರಗೆ ಗುಡ್ಲಿಲ್ಲ, ಅತ್ತ ದರಿ ಇತ್ತ ಪುಲಿ. ನಾನು ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿ, ಅವರ ಗುಡ್ಲು ಇದ್ದ ಜಾಗಕ್ಕೇ ನಡೆಸಿದೆ. ಈಗ ಅಲ್ಲಿ ಇದ್ದದ್ದು ದೊರೆಯ ಸ್ನಾನದ ಡೇರೆ.

ಮುನುಸಾಮಿ "ಸರ್ಕಾರಿ ಡೇರೆ ಅಮ್ಮಾ, ಸರ್ಕಾರಿ ಡೇರೆ!" ಎಂದು ಬಾಯಿ ಬಡಿದುಕೊಂಡ. ದೊರೆಸಾನಿ ಅವನನ್ನು ಪಕ್ಕಕ್ಕೆ ತಳ್ಳಿ ನನ್ನ ಹಿಂದೆ ಒಳಗೆ ಬಂದರು. ತೊಟ್ಟಿಯನ್ನು ಆಚೆ ಎಸೆಸಿದರು, ದೊರೆಯ ಸ್ನಾನಕ್ಕೆ ಕಾಯಿಸಿದ್ದ ನೀರು ತರಿಸಿದರು, ತೋಳು ಮಡಿಸಿ ಈರಮ್ಮನ ಬೆನ್ನ ಹಿಂದೆ ಕೂತರು. ಆಗ ನಮ್ಮ ಹಳ್ಳಿಗಳಲ್ಲಿ ಹೊಕ್ಕುಳ ಬಳ್ಳಿಯನ್ನು ಕುಡುಗೋಲಿನಿಂದ ಕೊಯ್ಯುತ್ತಿದ್ದರು. ನಾನು ಕತ್ತರಿಯನ್ನೂ ದಾರವನ್ನೂ ಕುದಿಯುವ ನೀರಿಗೆ ಹಾಕಿದಾಗ ಡೇರೆಯ ಆಚೆಯಿಂದ ಅಜ್ಜಿ, "ದಾರ ಬೇಯಿಸ್ತಾವ್ಳೆ, ಉಪ್ಪು ಖಾರನೂ ಹಾಕು" ಎಂದಳು. ನಗು ಬರುವ ಹೊತ್ತಲ್ಲ, ಆದರೂ ನೋವಿನ ನಡುವೆ ಈರಮ್ಮನೇ ನಕ್ಕುಬಿಟ್ಟಳು. ಆ ನಗುವಿನಲ್ಲೇ ಮೈ ಸಡಿಲಾಗಿ, ಸ್ವಲ್ಪ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಮೊದಲು ಅಳಲಿಲ್ಲ. ಬಾಯಿಗೆ ಬೆರಳು ಹಾಕಿ ಲೋಳೆ ತೆಗೆದು, ಬೆನ್ನು ತಟ್ಟಿ, ತಿಕ್ಕಿ, ದೇವರನ್ನು ಬೈದು, ಮತ್ತೆ ತಟ್ಟಿದೆ. ಅತ್ತಿತು. ದೊರೆಸಾನಿಯೂ ಅತ್ತರು.

ಮರುದಿನ ಬೆಳಿಗ್ಗೆ ಕ್ಯಾಂಪು ಮುಂದಕ್ಕೆ ಹೊರಡಬೇಕು. ಡೇರೆ ಇಲ್ಲೇ ಇರಲಿ ಎಂದರು ದೊರೆಸಾನಿ. ದೊರೆ ತಲೆಯಾಡಿಸಿದರು. ಪಾವಗಡ ಮುಗಿಯುವವರೆಗೆ ಆ ಮಹಾಪ್ರಭುಗಳು ಮರದ ಹಿಂದೆ ಪರದೆ ಕಟ್ಟಿಸಿಕೊಂಡು ಸ್ನಾನ ಮಾಡಿದರು, ಒಂದು ದಿನವೂ ಗೊಣಗಲಿಲ್ಲ. ಅಷ್ಟರ ಮಟ್ಟಿಗೆ ದೊಡ್ಡ ಮನುಷ್ಯರೇ.

ಹೊರಡುವ ಮುಂಚೆ ದೊರೆಸಾನಿ ಬೂಟು ಬಿಚ್ಚಿ ಬೇಲಿಯ ಹತ್ತಿರ ಹೋದರು, ನಾನು ಜೊತೆಗಿದ್ದೆ. "ಇನ್ನು ಮುಂದೆ ಯಾರನ್ನೂ ಸೊಪ್ಪಿನ ಗುಡ್ಲಿಗೆ ಕಳಿಸಬೇಡ" ಎಂದು ಕೇಳಿದರು. ಅಪ್ಪಣೆಯಲ್ಲ, ಕೇಳಿದ್ದು. ಕ್ಯಾತಜ್ಜಿ ಎಲೆಯಡಿಕೆ ಅಗಿಯುತ್ತಾ ಹೇಳಿದಳು: "ನೀನು ನಿನ್ ಮಗೀನ ಇಟ್ಕೊಂಡ್ ತೋರ್ಸು. ಆಮ್ಯಾಕೆ ನಾನು ಗುಡ್ಲಿನ ಇಸ್ಯ ಮಾತಾಡ್ತೀನಿ. ನಿಮ್ ದ್ಯಾವ್ರು ನಿಮ್ಗೆ, ನಮ್ ದ್ಯಾವ್ರು ನಮ್ಗೆ. ಯಾರ್ ಮೊದ್ಲು ತಮ್ ದ್ಯಾವ್ರನ್ನ ಬಗ್ಗುಸ್ತಾರೋ ನೋಡಾಣ."

"ಇಟ್ಟುಕೊಳ್ಳುತ್ತೇನೆ" ಎಂದರು ದೊರೆಸಾನಿ. ಕನ್ನಡದಲ್ಲೇ ಅಂದರು.

ಡೇರೆಗೆ ಗೋಡೆ ಇರುವುದಿಲ್ಲ, ಬಟ್ಟೆ ಇರುತ್ತದೆ. ಪಾವಗಡದಲ್ಲಿ ಗಂಡ ಹೆಂಡಿರ ಮಾತು ಇಡೀ ಕ್ಯಾಂಪಿಗೆ ಕೇಳುತ್ತಿತ್ತು. ದೊರೆ ಜೋರು ಮಾಡಲಿಲ್ಲ. ತಾನೂ ಐದನೇ ವರ್ಷಕ್ಕೆ ಹೋದವನೇ, ಹಡಗುಕಟ್ಟೆಯಲ್ಲಿ ಅಳಬೇಡ ಎಂದು ಅಪ್ಪ ಹೇಳಿದ್ದರು, ಅಳಲಿಲ್ಲ ಎಂದರು. ಇಲ್ಲಿನ ಜ್ವರಗಳು ಬಿಡುವುದಿಲ್ಲ, ಮೊನ್ನೆಯ ಟೈಫಾಯ್ಡಿನಲ್ಲಿ ಮಗ ಸಾಯದೆ ಉಳಿದದ್ದೇ ಹೆಚ್ಚು. ಇಲ್ಲೇ ಬೆಳೆದರೆ ನಾಳೆ ಅವನನ್ನು ಅಲ್ಲಿ ಯಾವ ಶಾಲೆ ಸೇರಿಸಿಕೊಳ್ಳುತ್ತದೆ, ಯಾವ ಕೆಲಸ ಸಿಗುತ್ತದೆ? ಇಡೀ ಸಂಸ್ಥಾನದಲ್ಲಿ ಅವರ ಮಾತು ಮೀರುವವರಿರಲಿಲ್ಲ. ತಮ್ಮ ಮನೆಯ ಕಟ್ಟಳೆಯನ್ನು ಮೀರುವ ಧೈರ್ಯ ಅವರಿಗೂ ಇರಲಿಲ್ಲ. ದೊರೆಸಾನಿ ಒಂದೇ ಮಾತು ಹಿಡಿದಿದ್ದರು: ಕಳಿಸುವುದಿಲ್ಲ. ಅಲ್ಲಿ ಹಾಲು ತರುತ್ತಿದ್ದ ಹೆಂಗಸು ರಾಬಿನ್‌ನ ಕೆನ್ನೆ ಸವರಿ, "ಇಂತ ಚಿನ್ನ ಬಿಡ್ಡನಿ ಪಂಪಿಸ್ತಾರಾ ಅಮ್ಮಾ, ಕಡುಪು ಕಾಲದಾ?" ಎಂದಳು. ಇಷ್ಟು ಚಿಕ್ಕ ಕೂಸನ್ನು ಕಳಿಸುತ್ತಾರಾ, ಹೊಟ್ಟೆ ಸುಡುವುದಿಲ್ಲವೇ ಎಂದು ಅವಳ ತೆಲುಗು. ಸುಡುತ್ತಿತ್ತು, ಇಬ್ಬರಿಗೂ.

ಬೆಂಗಳೂರಿಗೆ ಹಿಂತಿರುಗಿದ ಮೇಲೆ ಹುಡುಗನಿಗೆ ಮತ್ತೆ ಜ್ವರ ಬಂತು. ವಾರಗಟ್ಟಲೆ ಅವನ ಪಕ್ಕ ಕೂತೆ. ಉಳಿದುಕೊಂಡ, ಆದರೆ ದೊರೆಸಾನಿಯ ಪಟ್ಟು ಅಲ್ಲಿಗೆ ಮುರಿಯಿತು. ಮುರಿದದ್ದು ಅರ್ಧ ಮಾತ್ರ. ಬೇಸಿಗೆಗೆ ಮುಂಚೆ ದಂಡಿನ ರೈಲ್ವೆ ಸ್ಟೇಷನ್ನಿನಲ್ಲಿ ರಾಬಿನ್ ಗಾಡಿ ಹತ್ತಿದಾಗ ಅವನ ಪಕ್ಕದಲ್ಲಿ ದೊರೆಸಾನಿಯೂ ಕೂತಿದ್ದರು. ಮಕ್ಕಳು ಬೆಳೆಯುವವರೆಗೆ ಇಂಗ್ಲೆಂಡಿನಲ್ಲೇ ಇರುವುದೆಂದು ತೀರ್ಮಾನ ಮಾಡಿದ್ದರು. ದೊರೆಗಳ ಹೆಂಡಂದಿರು ಹಾಗೆ ಗಂಡನನ್ನು ಬಿಟ್ಟು ಹೋಗುವುದು ಅವರ ಜನಕ್ಕೆ ಒಪ್ಪುವ ಮಾತಲ್ಲವಂತೆ. ದೊರೆ ಮಗನ ಕೈ ಕುಲುಕಿದರು, ಹೆಂಡತಿಯ ಕೈ ಹಿಡಿದರು, ಬಿಡಲಿಲ್ಲ. ಗಾಡಿ ಹೊರಟಾಗಲೂ ನಾಲ್ಕು ಹೆಜ್ಜೆ ಜೊತೆಗೇ ನಡೆದರು. ಅಂದಿನಿಂದ ಅವರ ಮೇಲೆ ನನಗಿದ್ದ ಸಿಟ್ಟು ಇಳಿಯಿತು.

ಕಿಟಕಿಯಿಂದ ದೊರೆಸಾನಿ ನನಗೆ ಹೇಳಿದ್ದು ಒಂದೇ: "ಆ ಅಜ್ಜಿಗೆ ಹೋಗಿ ಹೇಳು. ನಾನು ಸೋತೆ ಎಂದೇ ಹೇಳು, ಸುಳ್ಳು ಹೇಳಬೇಡ."

ಮಧುಗಿರಿಗೆ ಮರಳಿ, ರಜೆ ಕೇಳಿ, ಗಾಡಿ ಮಾಡಿಕೊಂಡು ಹಟ್ಟಿಗೆ ಹೋದೆ. "ಯಾಕಮ್ಮ ಆ ಉಸಾಬರಿ?" ಎಂದರು ಡಾಕ್ಟರು. ಉಸಾಬರಿಯೇ ನಮ್ಮ ಕೆಲಸ ಎಂದೆ. ಡೇರೆಯನ್ನು ಗಾಳಿ ಹರಿದು ಚಿಂದಿ ಮಾಡಿತ್ತು. ಅದರ ಪಕ್ಕದಲ್ಲೇ ಹೊಸ ಸೊಪ್ಪಿನ ಗುಡ್ಲು ನಿಂತಿತ್ತು. ಕ್ಯಾತಜ್ಜಿ ಬೇಲಿ ಬಾಗಿಲಿಗೆ ಬಂದಳು. ನಡೆದದ್ದನ್ನೆಲ್ಲ ಹೇಳಿದೆ.

"ಅಂಗಾರೆ ತಾಯ್ನೂ ಮಗೀನೂ ಒಟ್ಟಿಗೇ ಆಚಿಗ್ ಹೋದ್ರು" ಎಂದಳು. "ನಮ್ಮಂಗೇ ಆದ್ಲು ಬುಡು."

"ಹೌದಜ್ಜಿ, ನಿಮ್ಮ ಹಂಗೇ. ಆದ್ರೆ ಅವ್ಳು ಹೋದ ಕಡೆ ಗೋಡೆ ಐತೆ, ಸೂರೈತೆ, ಬಾಗ್ಲೈತೆ. ನಿನ್ ಸೊಸೆಗೆ?"

ಅವಳು ಎಲೆಯಡಿಕೆ ಉಗಿದು ಒಳಗೆ ಹೋದಳು. ನಾನು ಬಿಡುವವಳಲ್ಲ. ಕೊರಟಗೆರೆಗೆ ವರ್ಗವಾಗುವವರೆಗೂ ಸಿಕ್ಕಿದ ಗಾಡಿಯಲ್ಲೆಲ್ಲ ಹೋದೆ, ಬೇಲಿಯಾಚೆ ಹುಣಸೇಮರದ ಕೆಳಗೆ ಕೂತು ಅದೇ ಪ್ರಶ್ನೆ ಕೇಳಿದೆ. ಹೆರಿಗೆಯನ್ನು ಬೇಲಿಯೊಳಗೆ ತನ್ನಿ ಎಂದು ಒಮ್ಮೆಯೂ ಹೇಳಲಿಲ್ಲ, ಹೇಳಿದ್ದರೆ ಬಾಗಿಲು ಶಾಶ್ವತವಾಗಿ ಮುಚ್ಚುತ್ತಿತ್ತು. ಕೊನೆಗೊಂದು ಸಲ ಹೋದಾಗ ಅಜ್ಜಿಯ ಮಗ ಮಣ್ಣು ಕಲಸುತ್ತಿದ್ದ. ಬೇಲಿಯಾಚೆಯೇ, ಆದರೆ ಮಣ್ಣಿನ ಗೋಡೆ, ಮೇಲೆ ಸೂರು, ಒಂದು ಬಾಗಿಲು. ನನಗೆ ಬೇಕಾದದ್ದು ಪೂರ್ತಿ ಸಿಗಲಿಲ್ಲ. ಸಿಕ್ಕಷ್ಟನ್ನು ಬಿಗಿಯಾಗಿ ಹಿಡಿದುಕೊಂಡೆ.

ಈರಮ್ಮನ ಎರಡನೆಯ ಹೆರಿಗೆ ಆ ಕೋಣೆಯಲ್ಲೇ ಆಯಿತು, ಕೊರಟಗೆರೆಯಿಂದ ನನ್ನನ್ನೇ ಕರೆಸಿದ್ದರು. ಮಗು ತಡವಾಗಿ ಅತ್ತಿತು. ಅಜ್ಜಿ ಬೇಲಿಯ ಒಳಗಿನಿಂದ, "ಅಳ್ತಾ ಐತಾ? ಅಳ್ತಾ ಐತೇನವ್ವ?" ಎಂದು ಕೂಗುತ್ತಲೇ ಇದ್ದಳು. ನನಗೂ ದಣಿವಾಗಿತ್ತು. "ಬಂದು ನೋಡ್ಬಾರ್ದಾ?" ಎಂದುಬಿಟ್ಟೆ.

ಕೂಗು ನಿಂತಿತು. ಬಾಗಿಲಲ್ಲಿ ನೆರಳಾಯಿತು. ಕ್ಯಾತಜ್ಜಿ ಬಗ್ಗಿ ಒಳಗೆ ಬಂದು, ಸೊಸೆಯ ಹಣೆ ಮುಟ್ಟಿದಳು, ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡು ಎದೆಗವಚಿಕೊಂಡಳು. ಹೊರಗಿನಿಂದ ಅವಳ ಮಗ ಗಾಬರಿಯಾಗಿ, "ಅವ್ವಾ, ಮುಟ್ಬುಟ್ಟಾ? ಇನ್ನೆಂಗ್ ಒಳೀಕ್ ಬತ್ತೀಯಾ?" ಎಂದು ಕೇಳಿದ.

"ಬರಾಕಿಲ್ಲ ಕಣ್ಲಾ" ಎಂದಳು ಅಜ್ಜಿ, ಕೂಸಿನ ಮುಖದಿಂದ ಕಣ್ಣು ತೆಗೆಯದೆ. "ನನ್ ಕಂಬ್ಳೀನೂ ಇಲ್ಲಿಗೇ ತಂದಾಕು."